ಮೀನಿನ ಪೊಟ್ಟಣದಲ್ಲಿ ಆಂಟಿಬಾಡಿ

ಮೂಡಿಗೆರೆಯ ನಮ್ಮ ಸಂಶೋಧನಾ ಲ್ಯಾಬಿನಲ್ಲಿ ಇನ್‌ಫ್ಲುಯೆಂಜಾ ವೈರಸ್ಸಿಗೆ ಹೆದರುವವರು ಯಾರೂ ಇಲ್ಲ. ನಾವು ಹೆದರುವುದು ಕರೆಂಟು ಹೋಗುವುದಕ್ಕೆ. ವರ್ಷಕ್ಕೊಂದಾದರೂ ಫಜೀತಿ ಆಗಿಯೇ ಆಗುತ್ತದೆ. ಈ ವರ್ಷದ್ದು ಹೆಬ್ಬೆರಳಿನಷ್ಟು ಸೀಸೆಯಿಂದ ಶುರುವಾಯಿತು. ಅದರಲ್ಲಿದ್ದದ್ದು ಆಂಟಿಬಾಡಿ. ಮೂಗಿನಿಂದ ತೆಗೆದ ಮಾದರಿಗೆ ಒಂದು ಹನಿ ಹಾಕಿದರೆ ವೈರಸ್ಸನ್ನು ಹುಡುಕಿ ಅಂಟಿಕೊಂಡು, ಮೈಕ್ರೋಸ್ಕೋಪಿನಡಿ ಹಸಿರಾಗಿ ಹೊಳೆಯುತ್ತದೆ. ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಕೆಟ್ಟರೆ ಇನ್ನೊಂದು ಬರಲು ಆರು ತಿಂಗಳು. ಅಷ್ಟರಲ್ಲಿ ಯೋಜನೆಯೂ ಮುಗಿದಿರುತ್ತದೆ, ನನ್ನ ಕೆಲಸವೂ.

ಜೀಪು

ಚಿಕ್ಕಮಗಳೂರಿನಿಂದ ಥರ್ಮೊಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆ ಜೀಪು ಹತ್ತಿದೆ. ಒಳಗೆ ಉಸಿರಾಡಲೂ ಜಾಗವಿರಲಿಲ್ಲ.

"ಏನ್ ಸಾರ್, ಮೀನಾ?" ಎಂದ ಡ್ರೈವರ್.

"ಅಲ್ಲಪ್ಪ, ಫ್ಲೂ ವೈರಸ್ ಕಂಡುಹಿಡಿಯೋದು."

ವೈರಸ್ ಎಂಬ ಮಾತಿನ ಆಚೆಗೆ ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಎಲ್ಲರಿಗೂ ಅಲ್ಲೇ ಏನೋ ತುರ್ತು ಕೆಲಸ ನೆನಪಾಯಿತು. ಬಾಡಿಗೆ ಜೀಪಿನಲ್ಲಿ ನಾನು ಕಾಲು ಚಾಚಿ ಕುಳಿತದ್ದು ಅದೇ ಮೊದಲು.

ಬೇಕರಿ

ಮರುದಿನ ಬೆಳಿಗ್ಗೆಯೇ ಲೈನಿನ ಮೇಲೆ ಮರ ಬಿತ್ತು. ಲ್ಯಾಬಿನ ಫ್ರಿಜ್ಜಿಗಿದ್ದ ಬ್ಯಾಟರಿ ಒಂದು ಗಂಟೆ ಕೂಗಿ ಸುಮ್ಮನಾಯಿತು. ಸೀಸೆ ಹಿಡಿದು ಜನರೇಟರ್ ಇದ್ದ ಬೇಕರಿಗೆ ಓಡಿದೆ. ಹಣೆ ತುಂಬ ವಿಭೂತಿ ಹಚ್ಚಿದ್ದ ಯಜಮಾನರು ಫ್ರಿಜ್ ಬಾಗಿಲು ತೆರೆದೇಬಿಟ್ಟರು.

"ಯಾವುದ್ರಿಂದ ಮಾಡ್ತಾರೆ ಸಾರ್ ಇದನ್ನ?"

ನನಗೆ ಸತ್ಯ ಹೇಳುವ ಚಟ. "ಇಲಿಯಿಂದ."

ಬಾಗಿಲು ಮುಚ್ಚಿತು. "ವೈರಸ್ ಆಗಿದ್ರೆ ಹೇಗೋ ಇಡ್ತಿದ್ದೆ ಸಾರ್. ಒಳಗೆ ಬಾದಾಮಿ ಹಾಲಿದೆ."

ಮೀನಂಗಡಿ

ಮೀನಂಗಡಿಯ ಕಾಕಾ ಏನೂ ಕೇಳಲಿಲ್ಲ. "ಇಲಿಯೋ ಹುಲಿಯೋ, ಐಸಿದೆ, ಇಡಿ."

ಐಸ್ ನೇರ ತಾಗಿದರೆ ನನ್ನ ಕಥೆ ಮುಗಿಯಿತು ಎಂದೆ. ಅವರು ಸೀಸೆಯನ್ನು ನಾಲ್ಕು ಸುತ್ತು ಪೇಪರಿನಲ್ಲಿ ಸುತ್ತಿಟ್ಟರು. ಅರ್ಧ ಗಂಟೆಗೊಮ್ಮೆ ಹೋಗಿ ಇಣುಕುತ್ತಿದ್ದೆ.

"ನನ್ನ ಮಗಳ ಹೆರಿಗೆಗೂ ನಾನು ಇಷ್ಟು ಸಲ ಓಡಾಡಿಲ್ಲ ಮಾರಾಯ್ರೆ!" ಎಂದರು ಕಾಕಾ.

ಮಧ್ಯಾಹ್ನ ಹೋದಾಗ ಪೊಟ್ಟಣವೇ ಇಲ್ಲ! ಎಸ್ಟೇಟಿನವರಿಗೆಂದು ಸುತ್ತಿ ತೆಗೆದಿಡುವ ಮೀನಿನ ಪೊಟ್ಟಣವೂ ಅದೇ ಪೇಪರಿನದು. ಕಾಕಾ ನಮಾಜಿಗೆ ಹೋಗಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಎರಡನ್ನೂ ಒಯ್ದಿದ್ದರು. ಕಾಕಾ ಬಂದೊಡನೆ ಸ್ಪೀಕರ್ ಹಾಕಿಸಿ ಫೋನ್ ಮಾಡಿಸಿದೆ.

"ಬೂತಾಯಿ ಮೀನು ಚೆನ್ನಾಗಿದೆ ಕಾಕಾ," ಎಂದರು ರೈಟರ್. "ಅಡುಗೆಯವಳು ಕೇಳ್ತಿದಾಳೆ, ಆ ಚಿಕ್ಕ ಬಾಟ್ಲಿ ಯಾವಾಗ ಹಾಕೋದು, ಮಸಾಲೆ ಜೊತೆಗೋ, ಆಮೇಲೋ?"

ಲ್ಯಾಬು

ಸಂಜೆಗೆ ಸೀಸೆ ಐಸಿನಲ್ಲೇ ವಾಪಸು ಬಂತು, ಕರೆಂಟೂ ಬಂತು. ಆದರೆ ಆಂಟಿಬಾಡಿ ಬದುಕಿದೆಯೋ ಇಲ್ಲವೋ? ನೋಡಲು ಫ್ಲೂ ಇರುವ ಮೂಗೊಂದು ಬೇಕಿತ್ತು. ಬೆಳಿಗ್ಗೆಯಿಂದ ನನಗೇ ಮೈ ಸುಡುತ್ತಿತ್ತು, ಸೀನು ಬೇರೆ.

"ನಿಮ್ಮದೇ ಕೊಡಿ," ಎಂದರು ನಮ್ಮ ಮುಖ್ಯಸ್ಥೆ ಮೇಡಂ.

ದೇವರೇ, ಇದು ಬರೀ ಶೀತವಾಗದಿರಲಿ, ಫ್ಲೂ ಆಗಿರಲಿ ಎಂದು ಹರಕೆ ಹೊತ್ತೆ.

ಮೇಡಂ ಮೈಕ್ರೋಸ್ಕೋಪಿಗೆ ಬಗ್ಗಿದರು. "ಹಸಿರು! ಎಂಥಾ ಹಸಿರು! ಬದುಕಿದೆ ಕಣ್ರೀ!" ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿದರು. ಕೈ ಕುಲುಕಲು ಓಡಿ ಬಂದ ಮೇಡಂ, ಆ ಹಸಿರು ಯಾರ ಮೂಗಿನದೆಂದು ನೆನಪಾಗಿ ಅರ್ಧ ದಾರಿಯಲ್ಲೇ ನಿಂತರು. ವೈರಸ್ಸಿಗೆ ಹೆದರದವರೆಲ್ಲ ಒಂದೇ ಬಾಗಿಲಿನಿಂದ ಒಟ್ಟಿಗೆ ಹೊರಬಿದ್ದರು.

ಖಾಲಿ ಲ್ಯಾಬಿನಲ್ಲಿ, ಆ ವಾರದಲ್ಲಿ ಎರಡನೇ ಸಲ, ಕಾಲು ಚಾಚಿ ಕುಳಿತೆ.