ಪರಸ್ಥಳದವರಲ್ಲಿ ಯಾರು ಮೇಲು

ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಇವನು ಮೇಲು, ಅವನು ಕೀಳು ಎನ್ನುವುದು ಕಟ್ಟೆಯ ಮೇಲೆ ಕೂತು ಮಾಡಿದರೆ ಬಹಳ ಸುಖದ ಕೆಲಸ. ಎಲೆ ಅಡಿಕೆ ಇದ್ದರಂತೂ ಕೇಳುವುದೇ ಬೇಡ, ಒಂದು ಮಧ್ಯಾಹ್ನದಲ್ಲಿ ಇಡೀ ಊರನ್ನು ಸಾಲಾಗಿ ನಿಲ್ಲಿಸಿಬಿಡಬಹುದು. ಆದರೆ ಅದನ್ನೇ ಕಾಗದದ ಮೇಲೆ ಬರೆದು ಕೆಳಗೆ ನಿನ್ನ ಸಹಿ ಹಾಕು ಎಂದರೆ ಅಂಗೈ ಬೆವರುತ್ತದೆ. ನನಗೆ ಹಾಗೆ ಬೆವರಿತು. ಬೆವರಿದ ಮೇಲೆ ನಾನು ಮಾಡಿದ್ದನ್ನು ನನ್ನ ಜೊತೆಯ ಕಾರಕೂನರು ಇವತ್ತಿಗೂ ಹುಚ್ಚುತನ ಅನ್ನುತ್ತಾರೆ. ಅನ್ನಲಿ. ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಸೊಂಟ ನೋವು ಮಾತ್ರ ಇದೆ, ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ನಾನು ರೋಣದ ಚಾವಡಿಯಲ್ಲಿ ಕಂಪನಿ ಸರಕಾರದ ಕಾರಕೂನ. ಮರಾಠಿಯ ಮೋಡಿ ಲಿಪಿಯನ್ನೂ ಬರೆಯುತ್ತೇನೆ, ಕನ್ನಡವನ್ನೂ ಬರೆಯುತ್ತೇನೆ, ಅಕ್ಷರ ದುಂಡಗೆ ಬರುತ್ತದೆ. ಧೈರ್ಯದ ಮಾತು ಬಂದರೆ ಒಂದು ಸಂಗತಿ ಹೇಳಿದರೆ ಸಾಕು. ಈಗಿನ ಸಾಹೇಬ ಬಂದ ಹೊಸದರಲ್ಲಿ ನನ್ನನ್ನು ನೋಡಿ, ನೀನು ವೆಂಕಪ್ಪನಲ್ಲವೇ ಎಂದು ಕೇಳಿದ. ನನ್ನ ಹೆಸರು ಭೀಮರಾಯ. ಆದರೆ ಸಾಹೇಬನ ಮಾತಿಗೆ ಇಲ್ಲ ಅನ್ನುವುದು ಹೇಗೆ? "ಹೌದ್ರಿ" ಅಂದೆ. ಅಂದಿನಿಂದ ಎರಡು ವರ್ಷ ಚಾವಡಿಯಲ್ಲಿ ನಾನು ವೆಂಕಪ್ಪನಾಗಿಯೇ ಇದ್ದೆ. ಕಡೆಗೆ ನಿಜವಾದ ವೆಂಕಪ್ಪನೊಬ್ಬ ನರೇಗಲ್ಲಿನಿಂದ ಬದಲಿಯಾಗಿ ಬಂದಾಗ ಅವನಿಗೆ ಹೆಸರಿಲ್ಲದೆ ಬಹಳ ತೊಂದರೆಯಾಯಿತು.

ಇಂಥ ನನ್ನ ಕೈಗೆ ಒಂದು ದಿನ ಶಿರಸ್ತೇದಾರರು ಸಾಹೇಬನ ಹುಕುಮು ತಂದುಕೊಟ್ಟರು. ನಮ್ಮ ಪೇಟೆಯಲ್ಲಿ ಎರಡು ಸಾಲು ಮನೆಗಳಿವೆ. ಒಂದು ಸಾಲಿನಲ್ಲಿ ಮಾರವಾಡದ ಕಡೆಯಿಂದ ಬಂದ ಅರಿವೆ ವ್ಯಾಪಾರಿಗಳು. ಎದುರಿನ ಸಾಲಿನಲ್ಲಿ ತೆಲುಗು ಸೀಮೆಯಿಂದ ಬಂದ ನೇಕಾರರು. ಇಬ್ಬರೂ ಪರಸ್ಥಳದವರು. ಇವರಲ್ಲಿ ಮಾನದಲ್ಲಿ ಯಾರು ಮೇಲು, ಆಸ್ತಿಯಲ್ಲಿ ಯಾರು ಮೇಲು, ಮನೆಮನೆಗೆ ಹೋಗಿ ಕಣ್ಣಾರೆ ನೋಡಿ ಎಂಟು ದಿನದೊಳಗೆ ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಯಾಕೆ ಎಂದು ಹುಕುಮಿನಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಯಾಕೆ ಎಂದು ಕೇಳುವುದು ಕಾರಕೂನರ ಕೆಲಸವಲ್ಲ.

ಸುದ್ದಿ ನನಗಿಂತ ಮೊದಲೇ ಪೇಟೆ ಸೇರಿತ್ತು. ಆದರೆ ದಾರಿಯಲ್ಲಿ ಎರಡು ತುಂಡಾಗಿತ್ತು. ವ್ಯಾಪಾರಿಗಳ ಕಿವಿಗೆ ಬಿದ್ದದ್ದು 'ಆಸ್ತಿ' ಎಂಬ ಮಾತು. ಇದು ಹೊಸ ತೆರಿಗೆಯೇ ಸೈ ಎಂದು ಅವರು ತಿಳಿದುಕೊಂಡರು. ನೇಕಾರರ ಕಿವಿಗೆ ಬಿದ್ದದ್ದು 'ಮಾನ'. ಸಾಹೇಬ ಯಾರಿಗೋ ಶಾಲು ರುಮಾಲು ಕೊಡುವವನಿದ್ದಾನೆ ಎಂದು ಅವರು ತಿಳಿದುಕೊಂಡರು.

ಮೊದಲು ಹೋದದ್ದು ಹಜಾರಿಮಲ್ಲನ ಮನೆಗೆ. ಆ ಸಾಲಿಗೆ ಅವನೇ ಹಿರಿಯ, ಗಜೇಂದ್ರಗಡದ ಸಂತೆಯಲ್ಲಿ ಸೀರೆ ಮಾರುವವರಲ್ಲಿ ಅವನ ಮಾತಿಗೆ ತೂಕ ಹೆಚ್ಚು. ಅಂಥ ಮನುಷ್ಯ ಅಂದು ಹರಿದ ಚಾಪೆಯ ಮೇಲೆ ಕೂತು ತಂಗಳು ರೊಟ್ಟಿಗೆ ಹಸಿಮೆಣಸಿನಕಾಯಿ ಕಡಿದುಕೊಳ್ಳುತ್ತಿದ್ದ. ರೂಢಿಯಿಲ್ಲದ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಅದು ಬಡತನದ ಕಣ್ಣೀರೆಂದು ನನಗೆ ಕೈಮಾಡಿ ತೋರಿಸಿದ. ಗಾದಿ ಇಲ್ಲ, ಲೋಡು ಇಲ್ಲ, ಒಂದು ಹಿತ್ತಾಳೆ ಚಂಬೂ ಇಲ್ಲ. ಗೋಡೆಯ ಹಲಗೆಯ ಮೇಲೆ ಧೂಳಿನ ನಡುವೆ ದುಂಡನೆಯ ಸ್ವಚ್ಛ ಗುರುತುಗಳು ಸಾಲಾಗಿದ್ದವು, ಅಷ್ಟೇ. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಮಳೆಯ ಮಾತಾಡಿದೆವು.

ಎದುರು ಸಾಲಿನ ಮೊದಲ ಮನೆ ನರಸವ್ವನದು. ಗಂಡ ಸತ್ತ ಮೇಲೆ ನಾಲ್ಕು ಮಗ್ಗ ನಡೆಸುವ ಹೆಂಗಸು, ನೇಕಾರರ ಓಣಿಯಲ್ಲಿ ಅವಳ ಮಾತು ದಾಟುವವರಿಲ್ಲ. ಒಳಗೆ ಕಾಲಿಟ್ಟರೆ ನನ್ನ ಕಣ್ಣು ಕುಕ್ಕಿತು. ಜಂತಿಯ ತನಕ ಹಿತ್ತಾಳೆ ಕೊಡಗಳು, ಬೆಳ್ಳಿಯ ತಟ್ಟೆ, ಕೂರಲು ಗಾದಿ, ಒರಗಲು ಲೋಡು. "ಇವೆಲ್ಲ ನಮ್ಮ ಮಾವನ ಕಾಲದವ್ರಿ" ಎಂದು ನರಸವ್ವ ಗಂಭೀರವಾಗಿ ಹೇಳಿದಳು. ಕಂಠದ ಹತ್ತಿರ ತಗ್ಗು ಬಿದ್ದಿದ್ದ ಒಂದು ದೊಡ್ಡ ಕೊಡದ ಹೊಟ್ಟೆಯ ಮೇಲೆ ಮಾರವಾಡದವರ ಅಕ್ಷರದಲ್ಲಿ ಏನೋ ಕೊರೆದಿತ್ತು. ಮಾವನವರಿಗೆ ಆ ಲಿಪಿ ಬರುತ್ತಿತ್ತೇ ಎಂದು ಕೇಳುವ ಆಸೆಯಾಯಿತು. ಕೇಳಲಿಲ್ಲ, ನನ್ನ ಧೈರ್ಯದ ವಿಚಾರ ಮೊದಲೇ ಹೇಳಿದ್ದೇನಲ್ಲ.

ಎರಡನೆಯ ಮನೆಯಲ್ಲೂ ಅದೇ ಕೊಡವಿತ್ತು, ಕಂಠದ ಹತ್ತಿರ ಅದೇ ತಗ್ಗು. ಮೂರನೆಯ ಮನೆಯಲ್ಲೂ ಇತ್ತು. ನಾನು ಮುಂಬಾಗಿಲಿನಿಂದ ಹೊರಬಿದ್ದರೆ ಅದು ಹಿತ್ತಲ ಬಾಗಿಲಿನಿಂದ ಹೊರಟು ನನಗಿಂತ ಲಗೂ ಮುಂದಿನ ಮನೆ ಸೇರುತ್ತಿತ್ತು. ನಾಲ್ಕನೆಯ ಮನೆಯಲ್ಲಿ ಮಾತ್ರ ನಾನು ಸ್ವಲ್ಪ ಚುರುಕಾಗಿ ನಡೆದೆನೆಂದು ಕಾಣುತ್ತದೆ, ಕೊಡ ಇನ್ನೂ ಬಂದಿರಲಿಲ್ಲ. ಮನೆಯವರು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ನಮ್ಮ ಮನೆಯ ಕ್ಷೇಮ, ನಮ್ಮ ಎಮ್ಮೆಯ ಕ್ಷೇಮ, ಕಡೆಗೆ ಸಾಹೇಬನ ಕುದುರೆಯ ಕ್ಷೇಮದವರೆಗೆ ವಿಚಾರಿಸಿದರು. ಒಳಗೆ ಠಣ್ ಎಂದು ಸದ್ದಾದ ಮೇಲೆ "ಬರ್ರಿ ಒಳಗ" ಅಂದರು.

ಮನೆಗೆ ಬಂದು ಇದನ್ನೆಲ್ಲ ಹೆಂಡತಿ ಗಂಗಾಬಾಯಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಅವಳು ನರಗುಂದದ ಹುಡುಗಿ. ಅಲ್ಲಿಯ ಕೋಟೆಗುಡ್ಡದ ನೆರಳಲ್ಲಿ ಬೆಳೆದವರಿಗೆ ಮೊದಲು ಪ್ರಶ್ನೆ ಬರುತ್ತದೆ, ನಗು ಆಮೇಲೆ. ಸಾಹೇಬನಿಗೆ ಇದೆಲ್ಲ ಯಾಕೆ ಬೇಕಂತೆ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತಿಲ್ಲದೆ ಊರ ಮಂದಿಯ ಅಡಿಗೆಮನೆ ಹೊಕ್ಕು ಬಂದಿರಾ ಅಂದಳು. ಮರುದಿನ ಶಿರಸ್ತೇದಾರರನ್ನು ಕೇಳದೆ ಗತಿ ಇರಲಿಲ್ಲ.

ಅವರು ಸಹಜವಾಗಿ ಹೇಳಿದರು. ಹತ್ತಿ ತೂಗಿ ಗಾಡಿಗೆ ಹೇರಲು ಪೇಟೆಯ ಹತ್ತಿರ ಒಂದು ದೊಡ್ಡ ಅಂಗಳ ಬೇಕಾಗಿದೆ. ಎರಡು ಸಾಲಿನಲ್ಲಿ ಯಾರು ಕಡಿಮೆಯವರೋ ಅವರ ಮನೆ ಕೀಳಿಸಿ, ಅವರಿಗೆ ಕೆರೆಯ ಆಚೆ ಜಾಗ ಕೊಡುವುದು. ಪರಸ್ಥಳದವರಲ್ಲವೇ, ಒಮ್ಮೆ ಬಂದವರಿಗೆ ಇನ್ನೊಮ್ಮೆ ಹೋಗುವುದು ಏನು ಕಷ್ಟ?

ಕೆರೆಯ ಆಚೆ ಎಂದರೆ ಎರೆಭೂಮಿ. ಮಳೆಗಾಲದಲ್ಲಿ ಎತ್ತಿನ ಕಾಲೇ ಮೊಣಕಾಲತನಕ ಹೂತುಹೋಗುವ ನೆಲ. ನೇಕಾರರು ಕಾಲಿಳಿಬಿಟ್ಟು ಕೂತು ನೇಯುವ ಕುಣಿ ಅಲ್ಲಿ ತೋಡಿದರೆ ಬಾವಿಯಾಗುತ್ತದೆ. ಅರಿವೆ ಅಂಗಡಿ ಇಟ್ಟರೆ ಕಪ್ಪೆಗಳೇ ಗಿರಾಕಿ. ಇದ್ದದ್ದನ್ನು ಬರೆದರೆ ನೇಕಾರರ ಮನೆ ಹೋಗುತ್ತದೆ. ಕಂಡದ್ದನ್ನು ಬರೆದರೆ ವ್ಯಾಪಾರಿಗಳ ಮನೆ ಹೋಗುತ್ತದೆ. ಹೊಟ್ಟೆನೋವೆಂದು ಹೇಳಿ ಎಂಟು ದಿನ ನರಗುಂದಕ್ಕೆ ಮಾವನ ಮನೆಗೆ ಹೋಗಿಬಿಡುವುದೇ ಸರಿ ಎಂದು ನಿಶ್ಚಯಿಸಿ, ಗಂಟು ಕಟ್ಟು ಎಂದು ಗಂಗಾಬಾಯಿಗೆ ಹೇಳಿದೆ. ಅವಳು ಗಂಟು ಕಟ್ಟಲಿಲ್ಲ. ಸೆರಗು ಹೊದ್ದು ಪೇಟೆಗೆ ಹೋಗಿ, ಹಜಾರಿಮಲ್ಲನಿಗೂ ನರಸವ್ವನಿಗೂ ಇದ್ದ ಸಂಗತಿ ಇದ್ದ ಹಾಗೆ ಹೇಳಿ ಬಂದಳು.

ಒಂದು ಗಳಿಗೆಯಲ್ಲಿ ಇಬ್ಬರೂ ನಮ್ಮ ಜಗುಲಿಗೆ ಬಂದರು. ನಮ್ಮನ್ನು ಉಳಿಸಿರಿ, ಅವರನ್ನು ಕಳಿಸಿರಿ ಎಂದು ಇಬ್ಬರೂ ಕಾಲು ಹಿಡಿಯುತ್ತಾರೆ, ನಾನು ಒಬ್ಬೊಬ್ಬರಿಗೆ ಒಂದೊಂದು ಕಾಲು ಹಂಚಿಕೊಡಬೇಕು ಎಂದುಕೊಂಡಿದ್ದೆ. ಕಾಲಿನ ಕಡೆ ಯಾರೂ ನೋಡಲೇ ಇಲ್ಲ. ಹಜಾರಿಮಲ್ಲ ಮೊದಲು ಖಾರದ ರೊಟ್ಟಿಯ ನಾಟಕಕ್ಕೆ ತಪ್ಪಾಯಿತು ಅಂದ. ಆಮೇಲೆ ತನ್ನ ಕಥೆ ಹೇಳಿದ. ಅವನು ಹುಟ್ಟಿದ ವಾರದಲ್ಲೇ ಅವನ ತಾಯಿ ಜ್ವರ ಬಂದು ಮಲಗಿದಳಂತೆ. ಆರು ತಿಂಗಳು ಅವನಿಗೆ ಹಾಲು ಕೊಟ್ಟವಳು ನರಸವ್ವನ ಅತ್ತೆ. ಮುಂದೆ ಒಂದು ವರ್ಷ ಬೇನೆ ಬಂದು ನೇಕಾರರ ಓಣಿಗೆ ಯಾರೂ ಕಾಲಿಡದಿದ್ದಾಗ ಗಂಜಿಯ ಪಾತ್ರೆ ಹೊತ್ತು ಒಳಗೆ ಹೋದವನು ಹಜಾರಿಮಲ್ಲನ ಅಪ್ಪ. ಈಗ ಇವನು ನೂಲು ಕೊಡುತ್ತಾನೆ, ಅವರು ನೇಯುತ್ತಾರೆ, ಇವನು ಮಾರುತ್ತಾನೆ. ಜಗಳವೂ ಆಡುತ್ತಾರೆ, ವಾರಕ್ಕೊಮ್ಮೆ, ತಪ್ಪದೆ.

ಆಮೇಲೆ ನರಸವ್ವ ಹೇಳಿದಳು: "ಮ್ಯಾಲ ಯಾರು ಕೆಳಗ ಯಾರು ಅಂತ ಒಟ್ಟಾಕ ನಾವೇನು ಜ್ವಾಳದ ಚೀಲ ಅಲ್ರಿ. ನಮ್ಮ ಓಣಿ ಕಿತ್ತರ ಇವರ ಅಂಗಡಿ ಇರಂಗಿಲ್ಲ. ಇವರ ಅಂಗಡಿ ಕಿತ್ತರ ನಮ್ಮ ಮಗ್ಗ ಆಡಂಗಿಲ್ಲ. ನಿಮ್ಮ ಹಾಳ್ಯಾಗ ಅದನ್ನ ಬರೀರಿ."

ಸಾಹೇಬ ಕೇಳಿದ್ದು ಅದಲ್ಲ ಎಂದು ನಾನು ತೊದಲಿದೆ. ಪರಸ್ಥಳದವರಲ್ಲಿ ಯಾರು ಎಂದು ಕೇಳಿದ್ದಾನೆ ಅಂದೆ. ಆಗ ಹಜಾರಿಮಲ್ಲ ನಿಧಾನವಾಗಿ, ರಾಯರ ಹಿರಿಯರು ಯಾವ ಊರಿನವರು ಎಂದು ಕೇಳಿದ. ನಮ್ಮ ಅಜ್ಜ ಸಾತಾರೆಯ ಕಡೆಯಿಂದ ಕಾರಕೂನಿಕೆ ಹುಡುಕಿಕೊಂಡು ಬಂದವರು. ಲೆಕ್ಕ ಹಾಕಿ ನೋಡಿದರೆ ಅವರು ಬಂದದ್ದು ನರಸವ್ವನ ಮಾವ ಈ ಊರಿನಲ್ಲಿ ಮಗ್ಗ ಹೂಡಿ ಹತ್ತು ವರ್ಷವಾದ ಮೇಲೆ, ಹಜಾರಿಮಲ್ಲನ ಅಜ್ಜ ಅಂಗಡಿ ತೆರೆದು ಆರು ವರ್ಷವಾದ ಮೇಲೆ. ಒಳಗಿನಿಂದ ಗಂಗಾಬಾಯಿ ನಕ್ಕ ಸದ್ದು ಕೇಳಿತು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಅದೇ ಸಿಟ್ಟಿನಲ್ಲೋ ನಾಚಿಕೆಯಲ್ಲೋ ಕೂತು ಬರೆದೆ. ನನ್ನ ದುಂಡು ಅಕ್ಷರದಲ್ಲಿ, ಒಂದೂ ಹೊಡೆದುಹಾಕದೆ ಬರೆದೆ. 'ಸದರಿ ಇಬ್ಬರೂ ಮಾನದಲ್ಲಿ ಸಮ. ಆಸ್ತಿ ಒಬ್ಬರ ಮನೆಯಲ್ಲಿದ್ದರೂ ಅದು ಇನ್ನೊಬ್ಬರ ಕೈಯಿಂದ ಆದದ್ದು, ಆದಕಾರಣ ಬೇರೆ ಮಾಡಿ ನೋಡಲು ಬರುವುದಿಲ್ಲ. ಈ ಪೇಟೆಗೆ ಎಲ್ಲರಿಗಿಂತ ತಡವಾಗಿ ಬಂದವರೂ, ಎಲ್ಲರಿಗಿಂತ ಕಡಿಮೆ ಉಪಯೋಗದವರೂ ಯಾರೆಂದರೆ ಚಾವಡಿಯ ಕಾರಕೂನರು.' ಸಹಿ ಹಾಕಿದೆ.

ಶಿರಸ್ತೇದಾರರು ಸಾಹೇಬನಿಗೆ ಅದನ್ನು ಓದಿ ತಿಳಿಸಿದರು. ಅವನ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಇದನ್ನು ಬರೆದವನು ನೀನೇನಾ ಎಂದು ಕೇಳಿದ. ಹೌದ್ರಿ ಅಂದೆ. ನಿನ್ನನ್ನು ಕೆಲಸದಿಂದ ತೆಗೆಯಬಲ್ಲೆ, ಗೊತ್ತೇ ಅಂದ. ಹೌದ್ರಿ ಅಂದೆ. ಹಾಗಾದರೆ ಈಗಲೇ ಇಲ್ಲೇ ಕೂತು, ಕಡಿಮೆಯವರು ಯಾರು ಎಂದು ಒಂದು ಹೆಸರು ಬರೆ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದ.

"ಇಲ್ರಿ" ಅಂದೆ.

ಹನ್ನೊಂದು ವರ್ಷದ ನೌಕರಿಯಲ್ಲಿ ಅದು ನನ್ನ ಮೊದಲನೆಯ ಇಲ್ಲ. ಹೇಳಿದ ಮೇಲೆ ಅದು ನನ್ನ ಬಾಯಿಂದಲೇ ಬಂತೋ, ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಚಾವಡಿಯಲ್ಲಿ ಸದ್ದಿಲ್ಲ. ಸದ್ದಿಲ್ಲ ಅಂದರೆ ಎಲ್ಲೂ ಸದ್ದಿಲ್ಲ. ನಮ್ಮ ಊರಿನಲ್ಲಿ ಬೆಳಗಿನಿಂದ ಸಂಜೆಯತನಕ ಮಗ್ಗದ ಲಟಪಟ ಕೇಳುತ್ತಲೇ ಇರುತ್ತದೆ, ಕಿವಿಗೆ ರೂಢಿಯಾಗಿ ಅದು ಇದ್ದದ್ದೇ ಗೊತ್ತಾಗುವುದಿಲ್ಲ. ನಿಂತಾಗ ಗೊತ್ತಾಗುತ್ತದೆ. ಸಾಹೇಬನಿಗೂ ಗೊತ್ತಾಯಿತು. ಎದ್ದು ಪಡಸಾಲೆಗೆ ಬಂದ.

ಅಂಗಳದ ತುಂಬ ಮಂದಿ ನಿಂತಿದ್ದರು. ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ವ್ಯಾಪಾರಿಗಳು ಒಂದು ಕಡೆ, ನೇಕಾರರು ಒಂದು ಕಡೆ ನಿಂತಿರಲಿಲ್ಲ, ಕಲಸಿಕೊಂಡು ನಿಂತಿದ್ದರು. ಯಾರ ಕೈಯಲ್ಲೂ ಒಂದು ಕೋಲೂ ಇರಲಿಲ್ಲ. ಮುಂದೆ ನರಸವ್ವ, ಪಕ್ಕದಲ್ಲಿ ಹಜಾರಿಮಲ್ಲ. ಏನು ಬೇಕು ಎಂದು ಸಾಹೇಬ ಕೇಳಿಸಿದ.

"ಕೀಳೂದಿದ್ರ ಎರಡೂ ಸಾಲು ಕೀಳ್ರಿ," ನರಸವ್ವ ಹೇಳಿದಳು. "ಎಲ್ಲಾರೂ ಕೂಡಿ ಹೋಗ್ತೀವಿ. ಒಂದಽ ಸಾಲು ಕಿತ್ತರ ಯಾರೂ ಕದಲಂಗಿಲ್ಲ."

ಹಜಾರಿಮಲ್ಲ ತನ್ನದೊಂದು ಮಾತು ಸೇರಿಸಿದ. ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ಹತ್ತಿ ತೂಗಲು ತಕ್ಕಡಿ ಇರುತ್ತದೆ, ಕೊಳ್ಳುವವರು ಯಾರಿರುತ್ತಾರೋ ಸಾಹೇಬರೇ ಹೇಳಬೇಕು ಅಂದ. ಸಾಹೇಬ ಮುಚ್ಚಿದ ಅಂಗಡಿಗಳ ಕಡೆಗೊಮ್ಮೆ, ಆ ಮಂದಿಯ ಕಡೆಗೊಮ್ಮೆ ನೋಡಿದ. ಮೂರ್ಖನೇನಲ್ಲ ಅವನು. ವಿಚಾರ ಮಾಡುತ್ತೇನೆ ಎಂದು ಹೇಳಿ ಒಳಗೆ ಹೋದ. ಮಂದಿ ಚದುರಲಿಲ್ಲ, ಹೊತ್ತು ಇಳಿಯುವವರೆಗೂ ಹಾಗೆಯೇ ನಿಂತಿದ್ದರು. ಮರುದಿನ ಮಗ್ಗಗಳು ಮತ್ತೆ ಸದ್ದು ಮಾಡಿದಾಗ ನನಗೆ, ನನ್ನ ನೌಕರಿ ಹೋದರೂ ಹೋಗಲಿ ಎನ್ನಿಸಿತು.

ನೌಕರಿ ಹೋಗಲಿಲ್ಲ. ಎಂಟು ದಿನದ ಮೇಲೆ ಹುಕುಮು ಬಂತು. ಎರಡೂ ಸಾಲುಗಳು ಇದ್ದಲ್ಲಿಯೇ ಇರತಕ್ಕದ್ದು. ಹತ್ತಿಯ ಅಂಗಳವನ್ನು ಚಾವಡಿಯ ಹಿಂದಿನ ಜಾಗದಲ್ಲಿ ಮಾಡತಕ್ಕದ್ದು. ಅಲ್ಲಿರುವ ಕಾರಕೂನರ ಮನೆಗಳನ್ನು ಖಾಲಿ ಮಾಡಿಸತಕ್ಕದ್ದು, ಯಾಕೆಂದರೆ ಸದರಿಯವರು ಎಲ್ಲರಿಗಿಂತ ತಡವಾಗಿ ಬಂದವರೂ ಎಲ್ಲರಿಗಿಂತ ಕಡಿಮೆ ಉಪಯೋಗದವರೂ ಎಂದು ಅವರಲ್ಲಿಯೇ ಒಬ್ಬನು ಸಹಿ ಮಾಡಿ ಬರೆದುಕೊಟ್ಟಿದ್ದಾನೆ. ಅದನ್ನು ನಕಲು ಮಾಡುವ ಕೆಲಸವೂ ನನಗೇ ಬಂತು. ಜೊತೆಯ ಕಾರಕೂನರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಟ್ಟರೆ ಬಿಡಲಿ, ಅವರ ಮಾತಿನಲ್ಲಿ ಅಂಥ ಸ್ವಾರಸ್ಯವೇನೂ ಇರಲಿಲ್ಲ.

ನರಸವ್ವ ತನ್ನ ಮನೆಯ ಪಕ್ಕದ ಎರಡು ಕೋಣೆ ಬಿಟ್ಟುಕೊಟ್ಟಳು. ಮನೆ ಸಾಗಿಸುವ ದಿನ ಸಾಮಾನೆಲ್ಲ ಗಾಡಿಗೆ ಹೋಯಿತು, ಬೀಸುವ ಕಲ್ಲು ಉಳಿಯಿತು. ಸಾಹೇಬನ ಮುಂದೆ ಇಲ್ಲ ಅಂದು ಬಂದ ಗಂಡಸು ನಾನು, ಆ ಬಲದಿಂದ ಹೆಂಡತಿಯ ಮುಂದೂ ಒಂದು ಇಲ್ಲ ಹೇಳಿ ನೋಡೋಣ ಎಂದು, ಇದನ್ನು ನಾನು ಹೊರುವುದಿಲ್ಲ ಅಂದೆ. ಗಂಗಾಬಾಯಿ ಒಂದು ಸಲ ನನ್ನನ್ನು ನೋಡಿದಳು. ನಾನು ಕಲ್ಲನ್ನು ಹೆಗಲಿಗೇರಿಸಿದೆ. ಪೇಟೆಯ ನಡುವೆ ಹೋಗುವಾಗ ಎರಡೂ ಸಾಲಿನವರು ಬಾಗಿಲಿಗೆ ಬಂದು ನಿಂತು ನೋಡಿದರು. ಈ ಕಡೆಯಿಂದ ನಾಲ್ಕು ಮಂದಿ, ಆ ಕಡೆಯಿಂದ ನಾಲ್ಕು ಮಂದಿ ಕೈಹಚ್ಚಲು ಓಡಿ ಬಂದರು. ನಾನು ನಿಂತು, ಇನ್ನೇನು ಕಲ್ಲನ್ನು ಅವರ ಕೈಗೆ ದಾಟಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು.

"ಬ್ಯಾಡ ಬಿಡ್ರಿ. ಹಾಳ್ಯಾಗ ಬರದವರು ಅವರಽ, ಹೊರೋರೂ ಅವರಽ ಆಗಲಿ."