ನನ್ನ ಹಿಮ್ಮಡಿಗೆ ಹಿಂದಿ ಬರಲಿಲ್ಲ

ಬರೋದು ಬರುತ್ತೆ, ಒಂದು ಮರ್ಯಾದಸ್ಥ ಕಾಯಿಲೆಯಾದ್ರೂ ಬರಬಾರದಾ? ಎದೆನೋವು ಅಂದ್ರೆ ಜನ ಸೇಬು, ಮೋಸಂಬಿ ಹಿಡ್ಕೊಂಡು ನೋಡೋಕೆ ಬರ್ತಾರೆ. ಸಕ್ಕರೆ ಕಾಯಿಲೆ ಅಂದ್ರೆ ಪಕ್ಕದಲ್ಲಿ ಕೂತು ತಮ್ಮದನ್ನೂ ಹೇಳ್ಕೋತಾರೆ. ಹಿಮ್ಮಡಿ ನೋವು ಅಂದ್ರೆ ಮಾತ್ರ "ಅಷ್ಟೇನಾ?" ಅಂದು ಚಹಾ ಕುಡಿದು ಎದ್ದು ಹೋಗ್ತಾರೆ. ಆ "ಅಷ್ಟೇನಾ" ನನ್ನಿಂದ ಮಾಡಿಸಿದ ಅವಾಂತರಗಳು ಒಂದೆರಡಲ್ಲ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟೋದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಸಿಸ್ಟೆಂಟ್. ಕಿದ್ವಾಯಿ ನಗರದ ಎರಡು ಕೋಣೆ ಕ್ವಾರ್ಟರ್ಸಿನಲ್ಲಿ ನಾನು, ಎಂಟು ವರ್ಷದ ಮಗಳು, ಇಬ್ಬರೇ. ನಮ್ಮನೆಯವರು ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಆರು ವರ್ಷದಿಂದ ನಮ್ಮ ಸಂಸಾರ ಟೆಲಿಫೋನ್ ತಂತಿಯ ಮೇಲೇ ನಡೀತಿತ್ತು. ಬೇಸಿಗೆ ರಜೆಯಲ್ಲಿ ನಾನೇ ಮಗಳನ್ನು ಕರ್ಕೊಂಡು ಹೋಗಿ ಇಪ್ಪತ್ತು ದಿನ ಇದ್ದು ಬರ್ತಿದ್ದೆ. "ನೀವೂ ಒಂದ್ಸಲ ಬನ್ರೀ" ಅಂದ್ರೆ ಇವತ್ತು ಪರೀಕ್ಷೆ, ನಾಳೆ ಮೌಲ್ಯಮಾಪನ, ನಾಡಿದ್ದು ಎನ್ನೆಸ್ಸೆಸ್ ಶಿಬಿರ. ಆರು ವರ್ಷದಲ್ಲಿ ಅವರು ದೆಹಲಿಗೆ ಬಂದಿದ್ದು ಎರಡೇ ಸಲ. ನನಗೆ ಬೇರೇನೂ ಬೇಕಿರಲಿಲ್ಲ, ಕಚೇರಿಯಿಂದ ಬಂದಾಗ ಆ ಮನುಷ್ಯ ಮನೆಯಲ್ಲಿರಬೇಕು, ಅಷ್ಟೆ.

೧. ಬೆಳಗಿನ ಪ್ರಾರ್ಥನೆ

ಈ ನೋವಿನ ಸ್ವಭಾವ ವಿಚಿತ್ರ. ದಿನವಿಡೀ ಹೇಗೋ ಸಹಿಸಬಹುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡೋ ಮೊದಲ ಹೆಜ್ಜೆ ಇದೆಯಲ್ಲ, ಅಲ್ಲಿ ಯಾರೋ ದಬ್ಬಳ ನೆಟ್ಟು ಕಾಯ್ತಾ ಇರ್ತಾರೆ. ಡಿಸ್ಪೆನ್ಸರಿ ಡಾಕ್ಟರು ಅದಕ್ಕೆ ಪ್ಲಾಂಟರ್ ಫೇಶಿಯೈಟಿಸ್ ಅಂತ ಹೆಸರು ಹೇಳಿದ್ರು. ಪ್ಲಾಂಟರ್ ಅಂದ್ರೆ ನನಗೆ ಗೊತ್ತಿದ್ದದ್ದು ಕಾಫಿ ಪ್ಲಾಂಟರು ಮಾತ್ರ. ಪಾದದಡಿಯ ನಾರು ಬಿಗಿದು ಊದಿಕೊಂಡಿದೆ ಅಂತ ಬಿಡಿಸಿ ಹೇಳಿದ ಮೇಲೆ ಅರ್ಥವಾಯ್ತು.

ದಿನಾ ಬೆಳಿಗ್ಗೆ ಐದೂವರೆಗೆ ಕಾಲು ಕೆಳಗಿಡ್ತಿದ್ದೆ, "ಅಯ್ಯೋ ಅಮ್ಮಾ!" ಅಂತ ಕಿರುಚ್ತಿದ್ದೆ. ಮಗಳು ಮಗ್ಗುಲು ಬದಲಿಸೋಳು. ಕೈ ಹಿಡಿದು ಎಬ್ಬಿಸೋರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಗೊರಕೆ ಹೊಡೀತಿದ್ರು. ಸಿಟ್ಟು ಬರೋದು, ಅಳು ಬರೋದು, ಆಮೇಲೆ ಹಾಲು ತರೋಕೆ ಹೊತ್ತಾಗೋದು.

ನಮಗೂ ಪಕ್ಕದ ಮನೆಯ ಪಂಜಾಬಿ ಆಂಟಿಗೂ ನಡುವೆ ಒಂದೇ ಗೋಡೆ. ಒಂದು ಭಾನುವಾರ ನಾನು ಏಳೂವರೆವರೆಗೆ ಮಲಗಿಬಿಟ್ಟೆ. ಬಾಗಿಲು ದಡದಡ ಬಡಿದ ಸದ್ದು. ಕುಂಟ್ಕೊಂಡು ಹೋಗಿ ತೆಗೆದ್ರೆ ಆಂಟಿ ಗಾಬರಿಯಲ್ಲಿ ನಿಂತಿದ್ದಾರೆ. "ಬೇಟಾ, ತಬಿಯತ್ ಠೀಕ್ ಹೈ? ಇವತ್ತು ನಿನ್ನ ಪೂಜೆ ಕೇಳಿಸಲೇ ಇಲ್ಲ!"

"ಯಾವ ಪೂಜೆ ಆಂಟಿ?"

"ಅದೇ, ದಿನಾ ಬೆಳಿಗ್ಗೆ ದೇವಿಮಾತೆಯನ್ನ ಕರೀತೀಯಲ್ಲ, ಅಯ್ಯೋ ಅಮ್ಮಾ ಅಂತ. ಎಷ್ಟು ಭಕ್ತಿಯಿಂದ ಕರೀತೀಯ! ನೀನು ಆ ಕಡೆಯಿಂದ ಅಯ್ಯೋ ಅಮ್ಮಾ ಅಂದ ತಕ್ಷಣ ನಾನೂ ನಮ್ಮ ಯಜಮಾನರೂ ಈ ಕಡೆ ಹಾಸಿಗೆ ಮೇಲೇ ಕೈಮುಗಿದು ಜೈ ಮಾತಾ ದೀ ಅಂತೀವಿ."

೨. ಎರಡು ಕಿಲೋ ಔಷಧಿ

ಆರು ವರ್ಷ ದೆಹಲಿಯ ನೀರು ಕುಡಿದಿದ್ದೇನೆ, ನನ್ನ ಹಿಂದಿಗೇನು ಕಮ್ಮಿ ಅಂತ ನನಗೊಂದು ಜಂಬ ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಪಾದ ಎಳೆಯೋ ವ್ಯಾಯಾಮ ತೋರಿಸಿ, ಕೊನೇಲಿ ಹೇಳಿದ್ರು: "ಔರ್ ಗರಂ ಪಾನಿ ಸೇ ಸಿಕಾಯಿ ಕೀಜಿಯೇ, ಸುಬಹ್ ಶಾಮ್."

ಸೀಗೆಕಾಯಿ! ಎಷ್ಟು ಖುಷಿಯಾಯ್ತು ಗೊತ್ತಾ! ನಮ್ಮೂರ ಸೀಗೆಕಾಯಿಯ ಮಹಿಮೆ ದೆಹಲಿ ಡಾಕ್ಟರಿಗೂ ಗೊತ್ತಲ್ಲ ಅಂತ ಹೆಮ್ಮೆಯಾಯ್ತು. ಆವತ್ತೇ ಸಂಜೆ ದಾವಣಗೆರೆಗೆ ಫೋನ್ ಮಾಡಿದೆ. "ರೀ, ಎರಡು ಕಿಲೋ ಒಳ್ಳೇ ಸೀಗೆಪುಡಿ ಬೇಕು. ನೀವೇ ತಂದುಕೊಡ್ತೀರಾ?"

"ಮಧ್ಯಂತರ ಪರೀಕ್ಷೆ ಕಣೇ. ಪಾರ್ಸೆಲ್ ಮಾಡ್ತೀನಿ."

ಹತ್ತು ದಿನಕ್ಕೆ ಪಾರ್ಸೆಲ್ ಬಂತು. ಪುಡಿ ಚೆಲ್ಲದಿರಲಿ ಅಂತ ತಮ್ಮದೊಂದು ಹಳೇ ಪಂಚೆಯಲ್ಲಿ ಸುತ್ತಿದ್ರು. ಪುಡಿಗಿಂತ ಮೊದಲು ಆ ಪಂಚೆಯನ್ನೇ ಮೂಸಿ ನೋಡಿದೆ ಅಂತ ಹೇಳೋಕೆ ನನಗೇನೂ ನಾಚಿಕೆಯಿಲ್ಲ. ಬರೀ ಸೀಗೆಕಾಯಿ ವಾಸನೆ ಬಂತು. ಪೊಟ್ಟಣ ಕಳಿಸೋಕೆ ಆಗುತ್ತೆ, ಮನುಷ್ಯನಿಗೆ ಬರೋಕೆ ಆಗಲ್ಲ ಅಂತ ಬೈಕೊಂಡೇ ಬಿಸಿನೀರಲ್ಲಿ ಪುಡಿ ಕಲಸಿ ಹಿಮ್ಮಡಿಗೆ ತಿಕ್ಕೋಕೆ ಶುರು ಮಾಡಿದೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ.

ತಿಂಗಳಾದ ಮೇಲೆ ಡಾಕ್ಟರು ಕೇಳಿದ್ರು, "ಸಿಕಾಯಿ ಮಾಡಿದ್ರಾ?"

"ಜೀ. ಎರಡು ಕಿಲೋ ಖಾಲಿಯಾಯ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎರಡು ಕಿಲೋ ಏನು?"

ಇನ್ನೂ ತರಿಸಬೇಕಾ ಅಂತ ಕೇಳೋಕೆ ಡಬ್ಬಿ ಜೊತೆಗೇ ತಂದಿದ್ದೆ, ಅದರ ತಳಕ್ಕೆ ಅಂಟಿದ್ದ ಪುಡಿ ತೋರಿಸಿದೆ. ಸಿಕಾಯಿ ಅಂದ್ರೆ ಹಿಂದಿಯಲ್ಲಿ ಶಾಖ ಕೊಡೋದು ಅಂತ ಅವತ್ತು ಗೊತ್ತಾಯ್ತು. ಡಾಕ್ಟರು ನಗು ತಡ್ಕೊಂಡು ನನ್ನ ಪಾದ ಎತ್ತಿ ತಿರುಗಿಸಿ ನೋಡಿದ್ರು. "ಊತ ಹಾಗೇ ಇದೆ ಮೇಡಂ. ಆದ್ರೆ ಒಂದು ಮಾತು, ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಸ್ವಚ್ಛವಾದ ಹಿಮ್ಮಡಿ ನಾನು ನೋಡಿಲ್ಲ."

೩. ಅಡುಗೆಮನೆ ಬಾಗಿಲಲ್ಲಿ ಅತಿಥಿಗಳು

ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ರು. ಹೇಳೋದು ಸುಲಭ. ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಹೋದ್ರೆ ನಮ್ಮಮ್ಮ ಸೌಟು ತಗೊಂಡು ಅಟ್ಟಿಸಿಕೊಂಡು ಬರ್ತಿದ್ಲು. ಆ ಸೌಟಿನ ಭಯ ನಲವತ್ತು ವರ್ಷವಾದ್ರೂ ಹೋಗುತ್ತಾ?

ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋದೆ. "ಭಯ್ಯಾ, ಮೆತ್ತಗಿರೋ ಚಪ್ಪಲಿ ನಾಲ್ಕು ಜೊತೆ ಕೊಡು" ಅಂದೆ. ಹಾಲಿಗೊಂದು, ಅಡುಗೆಮನೆಗೊಂದು, ಬಚ್ಚಲಿಗೊಂದು, ದೇವರ ಗೂಡಿನ ಮುಂದೆ ನಿಲ್ಲೋಕೆ ಬಟ್ಟೆಯದ್ದೊಂದು. ಚಪ್ಪಲಿಯವನು ನನ್ನ ಎರಡು ಕಾಲನ್ನೇ ಎರಡೆರಡು ಸಲ ನೋಡಿದ. ಮನೆಯಲ್ಲಿ ಒಂದೊಂದು ಹೊಸ್ತಿಲಲ್ಲೂ ಒಂದನ್ನ ಬಿಟ್ಟು ಇನ್ನೊಂದನ್ನ ಮೆಟ್ಟೋದು ನನ್ನ ಕೆಲಸ. ಒಗ್ಗರಣೆ ಸೀದುಹೋದ್ರೂ ಮಡಿ ಕೆಡಲಿಲ್ಲ.

ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಆಂಟಿ ಒಂದು ದೊಡ್ಡ ಡಬರಿ ತುಂಬ ರಾಜ್ಮಾ ಹೊತ್ಕೊಂಡು ಬಂದ್ರು. "ಒಬ್ಬಳೇ ಇಷ್ಟು ಜನಕ್ಕೆ ಹೇಗೆ ಮಾಡ್ತೀಯಾ ಬೇಟಾ? ಬಾಗಿಲಿಂದ ನೋಡಿದೆ, ಎಷ್ಟೊಂದು ಚಪ್ಪಲಿ! ಊರಿನಿಂದ ಎಲ್ಲರೂ ಬಂದಿದಾರಾ?"

ಹೌದು, ಚಪ್ಪಲಿ ಸಾಲಾಗಿತ್ತು. ಆ ಸಾಲಿನ ಕೊನೆಯಲ್ಲಿ ಗಂಡಸಿನ ಒಂದು ಜೊತೆಯೂ ಇತ್ತು. ನಮ್ಮನೆಯವರು ಹಿಂದಿನ ಸಲ ಬಂದಾಗ ಬಿಟ್ಟುಹೋದದ್ದು. ವಾರಕ್ಕೊಮ್ಮೆ ಧೂಳು ಒರೆಸಿ ಬಾಗಿಲ ಹತ್ರವೇ ಇಡ್ತಿದ್ದೆ, ಒಳಗೆ ಯಾರೋ ಇದ್ದಾರೆ ಅನ್ನೋ ಹಾಗೆ ಕಾಣಲಿ ಅಂತ. ನೋಡೋರಿಗಲ್ಲ, ನನಗೇ. ಅದನ್ನ ಹಿಂದಿಯಲ್ಲಿ ಹೇಗೆ ಹೇಳೋದು ಅಂತ ತಿಳೀದೆ ನಾನು ಸುಮ್ಮನೆ ರಾಜ್ಮಾ ಇಸ್ಕೊಂಡೆ.

ಆಂಟಿ ಕಿವಿಗೊಟ್ಟು ಕೇಳಿದ್ರು. ಒಳಗಿಂದ ಒಂದು ಸದ್ದಿಲ್ಲ. ತಲೆದೂಗಿ ಪಿಸುಗುಟ್ಟಿದ್ರು, "ಎಂಥಾ ಸಭ್ಯ ಜನ ನೀವು! ನಮ್ಮವರು ಇಷ್ಟು ಮಂದಿ ಸೇರಿದ್ರೆ ಇಷ್ಟೊತ್ತಿಗೆ ಮಾಳಿಗೆ ಹಾರಿಹೋಗ್ತಿತ್ತು."

೪. ತಂಪು ನೀರು

ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಪಾದದ ಕೆಳಗೆ ಉರುಳಿಸಬೇಕು, ಇದು ಡಾಕ್ಟರು ಹೇಳಿದ ಮುಂದಿನ ಉಪಾಯ. ಈ ಸಲ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡೆ. ಜೂನ್ ತಿಂಗಳು. ಕಚೇರಿಯಲ್ಲಿ ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿ, ಬಾಟಲಿ ಉರುಳಿಸ್ತಾ, ಮೇಲೆ ಫೈಲು ಬರೀತಾ ಕೂತಿದ್ದೆ.

ಚಹಾ ತರೋಕೆ ಹೋಗಿ ಬರ್ತೀನಿ, ನಮ್ಮ ಸಾಹೇಬ್ರು ನನ್ನ ಮೇಜಿನ ಹತ್ರ ನಿಂತು ಅರ್ಧ ಕರಗಿದ್ದ ಆ ಬಾಟಲಿಯನ್ನ ಎತ್ತಿ ಗಟಗಟ ಕುಡೀತಿದ್ದಾರೆ. ಹೊರಗಿನ ಬಿಸಿಲಿಂದ ಬಂದಿದ್ರು ಪಾಪ. "ಅಹಾ, ಕ್ಯಾ ಠಂಡಾ ಪಾನಿ! ದಿನಾ ತರ್ತೀರಾ?" ಅಂದ್ರು.

ಮಾರನೇ ದಿನದಿಂದ ಎರಡು ಬಾಟಲಿ ತಂದೆ, ಒಂದು ಹಿಮ್ಮಡಿಗೆ, ಒಂದು ಸಾಹೇಬರಿಗೆ. ಗುರುತಿಗೆ ಒಂದಕ್ಕೆ ಕೆಂಪು ದಾರ ಕಟ್ಟಿದ್ದೆ. ದಾರ ಕಟ್ಟಿದ್ದು ಯಾರದ್ದು ಅನ್ನೋದು ಮಾತ್ರ ಆಗಾಗ ಮರೆತುಹೋಗೋದು.

ಸಾಹೇಬ್ರು ಖುಷಿಯಲ್ಲಿದ್ದ ಒಂದು ದಿನ ನೋಡಿ ಧೈರ್ಯ ಮಾಡಿದೆ. ನಾಲ್ಕು ವರ್ಷದಿಂದ ಅವರ ಕಪಾಟಿನಲ್ಲಿ ನನ್ನ ವರ್ಗಾವಣೆ ಅರ್ಜಿ ಮಲಗಿತ್ತು. "ಸರ್, ಗಂಡ ಒಂದು ಕಡೆ ನಾನೊಂದು ಕಡೆ. ಕರ್ನಾಟಕಕ್ಕೆ ಕಳಿಸಿಕೊಡಿ ಸರ್" ಅಂದೆ. ಸಾಹೇಬ್ರು ಇನ್ನೊಂದು ಗುಟುಕು ಕುಡಿದು ಪ್ರೀತಿಯಿಂದ ಅಂದ್ರು:

"ನೀವು ಹೋಗಿಬಿಟ್ರೆ ನಮಗೆ ತಂಪು ನೀರು ಕೊಡೋರು ಯಾರು?"

೫. ಏಡಿ

ಮಳೆಗಾಲ ಕಳೆದ ಮೇಲೆ ಎಕ್ಸ್‌ರೇ ತೆಗೆಸಿದ್ರು. ಹಿಮ್ಮಡಿ ಮೂಳೆಯಲ್ಲಿ ಒಂದು ಸಣ್ಣ ಮುಳ್ಳು ಬೆಳೆದಿದೆ, ಹೆದರಬೇಡಿ, ಕಡಿಮೆಯಾಗದಿದ್ರೆ ಒಂದು ಇಂಜೆಕ್ಷನ್ ಕೊಡೋಣ ಅಂದ್ರು. "ಅಪ್ಪಂಗೆ ಹೇಳ್ಬೇಡ ಕಣೇ, ಸುಮ್ನೆ ಗಾಬರಿ ಆಗ್ತಾರೆ" ಅಂತ ಮಗಳಿಗೆ ಹೇಳಿದ್ದೆ.

ನನ್ನ ಮಗಳ ಕನ್ನಡದ ಬಗ್ಗೆ ಒಂದು ಮಾತು. ಅರ್ಥ ಎಲ್ಲಾ ಆಗುತ್ತೆ, ಆಡುವಾಗ ಗೊತ್ತಿಲ್ಲದ ಕಡೆ ಹಿಂದಿ ತುಂಬ್ಕೋತಾಳೆ. ಹಿಂದಿಯಲ್ಲಿ ಹಿಮ್ಮಡಿಗೆ ಏಡೀ ಅಂತಾರೆ. ನಮ್ಮನೆಯವರ ಕನ್ನಡದ ಬಗ್ಗೆಯೂ ಒಂದು ಮಾತು. ಅವರು ಮನೆಯಲ್ಲೂ ಕ್ಯಾನ್ಸರ್ ಅನ್ನೋರಲ್ಲ, ಏಡಿಗಂತಿ ಅನ್ನೋರು.

ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ಮಗಳು ಎತ್ತಿದಳು. ಏನು ಹೇಳಿದ್ಲು ಅಂತ, ಇದೆಲ್ಲ ಮುಗಿದ ಮೇಲೆ, ಅವಳ ಬಾಯಿಂದಲೇ ಒಂದೊಂದಾಗಿ ಕಕ್ಕಿಸಿದೆ: "ಅಪ್ಪಾ, ಅಮ್ಮ ನಿಮಗೆ ಹೇಳ್ಬೇಡ ಅಂದಿದಾಳೆ. ಅಮ್ಮಂಗೆ ಏಡಿ ಪ್ರಾಬ್ಲಮ್. ಎಕ್ಸ್‌ರೇಯಲ್ಲಿ ಕಾಣಿಸ್ತು. ಒಳಗೆ ಬೆಳೀತಾ ಇದೆಯಂತೆ. ದಿನಾ ಬೆಳಿಗ್ಗೆ ಅಳ್ತಾಳೆ." ನಾನು ತಲೆ ಒರೆಸ್ಕೊಂಡು ಬರೋಷ್ಟರಲ್ಲಿ ಫೋನ್ ಇಟ್ಟಾಗಿತ್ತು. "ಅಪ್ಪ ಏನಂದ್ರು?" ಅಂದೆ. "ಕುಛ್ ನಹೀಂ" ಅಂದ್ಲು.

ಬುಧವಾರ ಸಂಜೆ ಮಗಳನ್ನ ಕರ್ಕೊಂಡು ತರಕಾರಿ ಚೀಲ ಹಿಡ್ಕೊಂಡು ಬರ್ತೀನಿ, ನಮ್ಮ ಮೆಟ್ಟಿಲ ಮೇಲೆ ಯಾರೋ ಕೂತಿದ್ದಾರೆ. ಗಡ್ಡ ಬೆಳೆದಿದೆ, ಅಂಗಿ ಮುದುಡಿದೆ, ಮಡಿಲಲ್ಲಿ ಒಂದು ಸಣ್ಣ ಚೀಲ. ನಮ್ಮನೆಯವರು! ರಿಸರ್ವೇಶನ್ ಇಲ್ಲದೆ ರೈಲಿನ ಬಾಗಿಲಲ್ಲಿ ಕೂತು ಬಂದಿದ್ದಾರೆ. ಖುಷಿಪಡಬೇಕೋ ಹೆದರಬೇಕೋ ತಿಳೀಲಿಲ್ಲ.

ಎದ್ದವರೇ ನನ್ನ ಎರಡೂ ಕೈ ಹಿಡ್ಕೊಂಡ್ರು. "ಎಲ್ಲೀವರೆಗೆ ಹರಡಿದೆ?"

ನೋವಿನ ವಿಷಯ ಯಾರು ಹೇಳಿದ್ರಪ್ಪಾ ಅಂದ್ಕೊಂಡು, "ಒಂದೊಂದ್ಸಲ ಮೊಣಕಾಲವರೆಗೂ ಬರುತ್ತೆ ರೀ" ಅಂದೆ.

ಅವರ ಕಣ್ಣಲ್ಲಿ ನೀರು. "ಡಾಕ್ಟರು ಎಷ್ಟು ದಿನ ಅಂದ್ರು?"

"ಇನ್ನೊಂದು ಆರು ತಿಂಗಳು ಅಂದ್ರು. ಆಮೇಲೆ ನೋವೇ ಇರಲ್ಲವಂತೆ."

ಹತ್ತಿಪ್ಪತ್ತು ವರ್ಷ ಛಂದಸ್ಸು ಪಾಠ ಮಾಡಿದ ಗಂಡಸು ಮೆಟ್ಟಿಲ ಮೇಲೇ ಕುಸಿದು ಕೂತು ಗೊಳೋ ಅಂತ ಅತ್ತುಬಿಟ್ರು. "ನಾನು ಪಾಪಿ ಕಣೇ. ಕರೆದಾಗಲೆಲ್ಲ ಪರೀಕ್ಷೆ ಪರೀಕ್ಷೆ ಅಂದೆ." ಆಂಟಿ ಬಾಗಿಲು ತೆಗೆದು ಇಣುಕಿದ್ರು. ನನಗೋ ತಲೆಬುಡ ತಿಳೀತಿಲ್ಲ. "ಯಾಕ್ರೀ, ಏನಾಯ್ತ್ರೀ?" ಅಂತ ನಾನೂ ಅಳೋಕೆ ಶುರು ಮಾಡಿದೆ.

"ಏಡಿಗಂತಿ ಅಂತ ಮಗಳು ಹೇಳಿದ್ಲು. ಇನ್ನು ಮುಚ್ಚಿಡಬೇಡ."

ಮಗಳು ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದ್ಲು. "ಅಪ್ಪಾ! ಏಡೀ! ಏಡೀ!" ಅಂತ ತನ್ನ ಚಪ್ಪಲಿ ಕಿತ್ತು, ಒಂಟಿಕಾಲಲ್ಲಿ ನಿಂತು, ಹಿಮ್ಮಡಿಯನ್ನ ಅವರ ಮೂಗಿನ ಮುಂದೆ ಹಿಡಿದಳು.

ಅವರು ಆ ಹಿಮ್ಮಡಿ ನೋಡಿದ್ರು, ನನ್ನನ್ನ ನೋಡಿದ್ರು. ಆಮೇಲೆ ನಕ್ಕ ನಗು ಇದೆಯಲ್ಲ, ಬ್ಲಾಕಿನ ಎಲ್ಲಾ ಬಾಗಿಲೂ ತೆರೆದ್ವು. ನಾನು ನಗ್ತಾನೇ ಅವರ ಬೆನ್ನಿಗೆ ನಾಲ್ಕು ಗುದ್ದಿದೆ. ಬದುಕಿದೆ ಅಂತಲ್ಲ, ಬಂದ್ರಲ್ಲ ಅಂತ.

ನಾಲ್ಕು ದಿನ ಇದ್ರು. ಬೆಳಿಗ್ಗೆ ನಾನು ಏಳೋಕೆ ಮುಂಚೆ ಹಾಸಿಗೆ ಅಂಚಲ್ಲಿ ಕೂತು ನನ್ನ ಪಾದವನ್ನ ಹೆಬ್ಬೆರಳಿಂದ ಒತ್ತಿ ಒತ್ತಿ ಸಡಿಲ ಮಾಡ್ತಿದ್ರು. ಆ ನಾಲ್ಕು ದಿನವೂ ನೋವಿತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ವಾಸಿಯಾಗೋದು ಬೇಡ ಅನ್ನಿಸಿಬಿಟ್ಟಿತ್ತು.

ಐದನೇ ದಿನ ನಿಜಾಮುದ್ದೀನ್ ಸ್ಟೇಷನ್ನಿಗೆ ಬಿಡೋಕೆ ಹೋದ್ವಿ. ಕಿಟಕಿ ಪಕ್ಕ ಕೂತ್ಕೊಂಡು ಮೇಷ್ಟ್ರ ದನಿಯಲ್ಲಿ ಉಪದೇಶ ಶುರು ಮಾಡಿದ್ರು. "ನೋಡು, ಈ ಹಿಂದಿ ಸಹವಾಸವೇ ಬೇಡ. ಇನ್ಮೇಲೆ ಏನೇ ಇದ್ರೂ ನೀನೇ ಫೋನ್ ಮಾಡಿ ಸರಿಯಾಗಿ ಕನ್ನಡದಲ್ಲಿ ಹೇಳು."

ರೈಲು ಜಗ್ಗಿತು. ನಾನು ಕಿಟಕಿ ಸರಳು ಬಿಡದೆ ಕುಂಟ್ಕೊಂಡೇ ನಾಲ್ಕು ಹೆಜ್ಜೆ ಜೊತೆಗೆ ಹಾಕಿದೆ.

"ಆರು ವರ್ಷ ಕನ್ನಡದಲ್ಲೇ ಅಲ್ವೇನ್ರೀ 'ಬನ್ನಿ' ಅಂದಿದ್ದು?"