ತಂತಿಯಿಲ್ಲದ ಬಿಳಿ ಪೆಟ್ಟಿಗೆ

ಎಲ್ಲದಕ್ಕೂ ಕಾರಣ ಡರ್ಮಟ್‌ನ ಬಾಯಿ. ಕ್ರಿಸ್‌ಮಸ್‌ಗೆ ಮೊದಲು ಮಾವನ ಮನೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಹೊಸ ಥರ್ಮೋಸ್ಟಾಟ್ ಕೂರಿಸಿದವನು, ಅಂಗೈಯಗಲದ ಆ ಬಿಳಿ ಪೆಟ್ಟಿಗೆಯನ್ನು ಅತ್ತೆ ಅಸಂಪ್ಟಾಳ ಕೈಗಿಟ್ಟು ಎದೆಯುಬ್ಬಿಸಿ ಹೇಳಿದ್ದ: "ಇದಕ್ಕೆ ತಂತಿನೇ ಇಲ್ಲ ಅತ್ತೆ. ಎಲ್ಲಿಗೆ ಬೇಕಾದ್ರೂ ತಗೊಂಡ್ಹೋಗಿ, ಅಲ್ಲೇ ಕೆಲ್ಸ ಮಾಡತ್ತೆ!"

ಡರ್ಮಟ್ ಶಾಲೆಯ ಬಸ್ಸು ಓಡಿಸುವವನು. ತಂತಿ ಜೋಡಿಸುವುದು ಅವನ ಕಸುಬಲ್ಲ. ಕಸುಬು ಗೊತ್ತಿದ್ದವನು ಹೆಂಡತಿ ಊನಾಳ ಅಣ್ಣ ಫಿಂಟನ್. ಟೈರೋನ್ ಸೀಮೆಯ ಅರ್ಧ ಬಾಯ್ಲರುಗಳು ಅವನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಹೆತ್ತಪ್ಪನ ಮನೆಯದಕ್ಕೆ ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ. ಕಡೆಗೆ ಡರ್ಮಟ್ಟೇ ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನೊಳಗೆ ಮಂಡಿಯೂರಿ, ಬೆವರು ಸುರಿಸಿ, ಅದರ ಜೋಡಿ ಪೆಟ್ಟಿಗೆಯ ತಂತಿಯನ್ನು ಬಾಯ್ಲರಿಗೆ ಜೋಡಿಸಿದ. ಮಾವ ಬಾರ್ನಿ ಇಷ್ಟು ವರ್ಷವಾದರೂ ಅವನನ್ನು "ಬಸ್ಸಿನವನು" ಎಂದೇ ಕರೆಯುತ್ತಿದ್ದ. ಈ ಒಂದು ಕೆಲಸದಿಂದಲಾದರೂ ಆ ಮನೆಯಲ್ಲಿ ಮನುಷ್ಯನೆನಿಸಿಕೊಳ್ಳಬೇಕೆಂಬುದು ಪಾಪ, ಅವನ ಆಸೆ.

ಕೆಲಸ ಸರಿಯಾಗಿಯೇ ಆಗಿತ್ತು. ಬಿಳಿ ಪೆಟ್ಟಿಗೆಗೆ ಚಳಿಯೆನಿಸಿದರೆ ಅದು ಕಪಾಟಿನಲ್ಲಿರುವ ತನ್ನ ಜೋಡಿ ಪೆಟ್ಟಿಗೆಗೆ ಗಾಳಿಯಲ್ಲೇ ಹೇಳಿಕಳಿಸುವುದು. ಅದು ಹಸಿರು ದೀಪ ಹತ್ತಿಸಿ ಬಾಯ್ಲರನ್ನು ಎಬ್ಬಿಸುವುದು. ಕಾಯಿಲೆ ಬಿದ್ದು ಸದಾ ಚಳಿ ಚಳಿ ಎನ್ನುತ್ತಿದ್ದ ಬಾರ್ನಿ ಅಳಿಯನನ್ನು ಒಂದು ಮಾತೂ ಹೊಗಳಲಿಲ್ಲ. ಆದರೆ ಆ ಪೆಟ್ಟಿಗೆಯನ್ನು ಹಾಸಿಗೆಯಿಂದ ಆಚೆ ಕಳಿಸಲೂ ಇಲ್ಲ.

ಜನವರಿಯಲ್ಲಿ ಮುದುಕ ತೀರಿಕೊಂಡ. ಪದ್ಧತಿಯಂತೆ ಶವವನ್ನು ಮನೆಗೆ ತಂದು ಮುಂದಿನ ಕೋಣೆಯಲ್ಲಿಟ್ಟರು. ಶವ ಕೆಡದಿರಲೆಂದು ಕೋಣೆ ಬಿಸಿ ಮಾಡುವ ಅಲ್ಲಿಯ ರೇಡಿಯೇಟರ್ ಬಂದ್ ಮಾಡಿ, ಕಿಟಕಿ ತೆರೆದಿಡಲು ಹೇಳಿ ಶವಸಂಸ್ಕಾರದವರು ಹೋದರು. ಉಳಿದ ಮನೆಯೆಲ್ಲ ಜನ. ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಪಿಸುಮಾತು.

ಗಲಾಟೆ ಶುರು ಮಾಡಿದವಳು ಪಕ್ಕದ ಮನೆಯ ಜೋಸಿ. ಬಂದವಳು ಕೋಟು ಬಿಚ್ಚಿದಳು, ಸ್ವಲ್ಪ ಹೊತ್ತಿಗೆ ಸ್ವೆಟರೂ ಬಿಚ್ಚಿದಳು. "ಊನಾ, ಏನೇ ಇದು! ಬೆಣ್ಣೆ ಮುದ್ದೆ ಇಟ್ಟಿದ್ದೆ, ಈಗ ಕುಡೀಬೇಕು ಅದನ್ನ!"

ಊನಾ ಗಂಡನ ಕಡೆ ನೋಡಿದ ನೋಟಕ್ಕೆ ಡರ್ಮಟ್ ಕಪಾಟಿನತ್ತ ಓಡಿದ. ಹಸಿರು ದೀಪ ಉರಿಯುತ್ತಲೇ ಇತ್ತು. ಬಿಳಿ ಪೆಟ್ಟಿಗೆ ಎಲ್ಲೂ ಇಲ್ಲ. ಸ್ವಿಚ್ ಆರಿಸಿದ. ಸ್ವಲ್ಪ ಹೊತ್ತಿಗೇ ಮುದುಕಿಯರು ಮತ್ತೆ ಕೋಟು ಹಾಕಿಕೊಂಡು ನಡುಗತೊಡಗಿದರು. ಪಾತ್ರೆ ತೊಳೆಯುತ್ತಿದ್ದವರು ನೀರು ಮಂಜುಗಡ್ಡೆ ಎಂದು ಕೂಗಿದರು. ಸ್ವಿಚ್ ಹಾಕಿದರೆ ಕುಲುಮೆ, ತೆಗೆದರೆ ಹಿಮ. ಪಾಪದವನು ಬೆಳಗಿನಿಂದ ಕಪಾಟಿನ ಮುಂದೆ ನಿಂತು ತಾನೇ ಥರ್ಮೋಸ್ಟಾಟ್ ಆಗಿಬಿಟ್ಟ.

ಫಿಂಟನ್ ಕೈಯಲ್ಲಿ ಚಹಾ ಹಿಡಿದು ಬಂದು ಗೋಡೆಗೊರಗಿದ. "ಏನಯ್ಯಾ, ನಮ್ಮಪ್ಪನ್ನ ಇಲ್ಲೇ ಬೇಯಿಸ್ಬಿಡೋ ಅಂದಾಜಾ?"

"ಜೋಡಣೆ ಸರಿಯಾಗಿದೆ ಮಾರಾಯ. ದೀಪ ಉರೀತಿದೆ ಅಂದ್ರೆ ಪೆಟ್ಟಿಗೆ ಎಲ್ಲೋ ತಣ್ಣಗಿರೋ ಕಡೆ ಇದೆ. ಅದು ಸಿಗ್ಲಿ, ತೋರಿಸ್ತೀನಿ."

"ಸಂಜೆ ಜಪಸರದ ಪ್ರಾರ್ಥನೆ ಮುಗಿಯೋದ್ರೊಳಗೆ ತೋರ್ಸು. ಇಲ್ದಿದ್ರೆ ನಾಳೆ ಎಲ್ಲಾ ಕಿತ್ತು ಬಿಸಾಕಿ ನಾನೇ ಹೊಸದಾಗಿ ಹಾಕ್ತೀನಿ. ಊರೆಲ್ಲಾ ನಗ್ತಿದೆ ಕಣೋ!"

ಡರ್ಮಟ್ ಹುಡುಕಲು ಹೊರಟ. ತಣ್ಣಗಿರುವ ಜಾಗ ಎಲ್ಲಿ? ಫ್ರಿಜ್ಜಿನ ಬಾಗಿಲು ತೆಗೆದು ಹ್ಯಾಮಿನ ಕೆಳಗೆ ಕೈಯಾಡಿಸಿದ.

"ಹಸಿವಾದ್ರೆ ಬಾಯಿಬಿಟ್ಟು ಕೇಳೋದಪ್ಪ," ಅಂದಳು ಜೋಸಿ. "ಕಳ್ಳತನ ಯಾಕೆ, ಅದೂ ಸಾವಿನ ಮನೇಲಿ?"

ಅಂಗಳ ಹುಡುಕಿದ. ಕಲ್ಲಿದ್ದಲಿನ ಗೂಡು ಹುಡುಕಿ ಶೋಕದ ಕಪ್ಪು ಸೂಟಿಗೆ ಇನ್ನಷ್ಟು ಕಪ್ಪು ಬಳಿದುಕೊಂಡ. ಸೋಫಾದ ಸಂದಿಯಲ್ಲಿ ಕೈಹಾಕಿದಾಗ ಅಲ್ಲಿ ಕೂತಿದ್ದ ಹಳೇ ಟೀಚರಮ್ಮ ಚೀರಿ ಎದ್ದು ನಿಂತಳು. ಊನಾ ಅವನ ತೋಳು ಹಿಡಿದು ಮೂಲೆಗೆಳೆದಳು. "ನನ್ನ ಮಾನ ಕಳೀಬೇಡಿ, ದಮ್ಮಯ್ಯ. ನಮ್ಮಮ್ಮನ ಪಕ್ಕ ಹೋಗಿ ಸುಮ್ನೆ ಕೂತ್ಕೊಳ್ಳಿ."

ಅತ್ತೆಯನ್ನು ಅವನು ಕೇಳಿರಲಿಲ್ಲ. ಗಂಡನನ್ನು ಕಳೆದುಕೊಂಡು ಕೂತಿರುವವಳ ಹತ್ತಿರ ಹೋಗಿ ಪೆಟ್ಟಿಗೆ ಎಲ್ಲಿ ಎಂದು ಯಾವ ಬಾಯಲ್ಲಿ ಕೇಳುವುದು?

ಸಂಜೆ ಫಾದರ್ ಬಂದರು, ಜಪಸರ ಶುರುವಾಯಿತು. ಜನ ಬಾಗಿಲಿನಿಂದಾಚೆಗೂ ಮಂಡಿಯೂರಿದ್ದರು, ಒಳಮನೆಯಲ್ಲಿದ್ದವರು ಪ್ರಾರ್ಥನೆಯ ಹಾಳೆಯಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಡರ್ಮಟ್ ಶವಪೆಟ್ಟಿಗೆಯ ಪಕ್ಕ ಅತ್ತೆಯ ಜೊತೆ ಮಂಡಿಯೂರಿದ. ಕಿಟಕಿಯಿಂದ ಬಂದ ಗಾಳಿಗೆ ಮೈ ಜುಮ್ಮೆಂದಿತು. ಅಬ್ಬಾ, ಎಷ್ಟು ಚಳಿ ಇಲ್ಲಿ ಅಂದುಕೊಂಡವನು ಹಾಗೇ ತಲೆಯೆತ್ತಿದ.

ಬಾರ್ನಿಯ ಜೋಡಿಸಿದ ಕೈಗಳ ನಡುವೆ, ಜಪಸರದ ಮಣಿಗಳ ಕೆಳಗೆ, ಬಿಳಿಯ ಮೂಲೆಯೊಂದು ಇಣುಕುತ್ತಿತ್ತು.

ಸಿಕ್ಕಿತು ಪೆಟ್ಟಿಗೆ! ತಂತಿ ಸರಿ, ಜೋಡಣೆ ಸರಿ, ಎಲ್ಲಾ ಸರಿ! ಪ್ರಾರ್ಥನೆ ಮುಗಿದು ಜನ ಏಳುತ್ತಿರುವಾಗ ಮೆಲ್ಲಗೆ ಕೈಚಾಚಿದ. ಅಸಂಪ್ಟಾ ಆ ಕೈ ಹಿಡಿದುಕೊಂಡಳು.

"ನಾನೇ ಇಟ್ಟೆ ಮಗಾ," ಎಂದು ಪಿಸುಗುಟ್ಟಿದಳು. "ಯಾವಾಗ್ಲೂ ಚಳಿ ಚಳಿ ಅಂತಿದ್ರು. ಇದು ಕೈಗೆ ಕೊಟ್ರೆ ಬೆಚ್ಚಗಾಗಿ ನಿದ್ದೆ ಮಾಡೋರು. ನಾಳೆ ಮಣ್ಣೊಳಗೆ ಒಬ್ರೇ ಇರ್ಬೇಕಲ್ಲಪ್ಪಾ. ತಂತಿ ಇಲ್ಲ, ಎಲ್ಲಿಗೆ ತಗೊಂಡ್ಹೋದ್ರೂ ಕೆಲ್ಸ ಮಾಡತ್ತೆ ಅಂದಿದ್ಯಲ್ಲ ನೀನು. ಅಲ್ಲೂ ಮಾಡತ್ತೆ ತಾನೆ?"

ಡರ್ಮಟ್ ಅತ್ತೆಯತ್ತ ತಿರುಗಿದ. ಬೆಚ್ಚಗೆ ಮಾಡುವುದು ಬಾಯ್ಲರೇ ಹೊರತು ಪೆಟ್ಟಿಗೆಯಲ್ಲ ಎಂದು ಆ ಮುಖ ನೋಡಿ ಹೇಳುವ ಧೈರ್ಯ ಯಾರಿಗಿದೆ?

"ಮಾಡತ್ತೆ ಅತ್ತೆ," ಅಂದ. ಜಪಸರವನ್ನು ತುಸು ಸರಿಸಿ ಬಿಳಿ ಮೂಲೆಯನ್ನು ಮುಚ್ಚಿದ.

"ಸಿಕ್ತಾ ನಿನ್ ಪೆಟ್ಟಿಗೆ?" ಬಾಗಿಲಿನಿಂದ ಫಿಂಟನ್ ಗದರಿದ. ಊರೇ ಅವನ ಹಿಂದಿತ್ತು. "ಏನಾಗಿತ್ತು, ಹೇಳು ಎಲ್ಲರೆದುರಿಗೆ!"

ಡರ್ಮಟ್ ಎದ್ದು ನಿಂತ. ಒಂದೇ ಒಂದು ಮಾತು ಸಾಕಿತ್ತು. ಆದರೆ ಆ ಮಾತಿಗೆ ಜನ ಯಾರನ್ನು ನೋಡಿ ನಗುತ್ತಾರೆಂದು ಅವನಿಗೆ ಗೊತ್ತಿತ್ತು.

"ಪೆಟ್ಟಿಗೆ ಸಿಗ್ಲಿಲ್ಲ. ಪೆಟ್ಟಿಗೆದೇನೂ ತಪ್ಪಿಲ್ಲ ಬಿಡು," ಅಂದ. "ನಾನೇ ತಂತಿ ಉಲ್ಟಾ ಜೋಡಿಸಿದ್ದೆ."

ಸಾವಿನ ಮನೆಯೆಂಬುದನ್ನೂ ಮರೆತು ಜನ ನಕ್ಕರು. ಫಿಂಟನ್ ಅವನ ಬೆನ್ನು ತಟ್ಟಿ, ನಾಳೆ ಬಂದು ಕಿತ್ತುಹಾಕುತ್ತೇನೆಂದು ಸಾರಿದ. ಊನಾ ಮುಖ ತಿರುಗಿಸಿಕೊಂಡಳು.

ಅಸಂಪ್ಟಾ ಮಾತ್ರ ಅಳಿಯನ ಕೈ ಬಿಡಲಿಲ್ಲ.

"ಬೇಜಾರು ಮಾಡ್ಕೋಬೇಡ ಮಗಾ," ಅಂದಳು ಅಕ್ಕರೆಯಿಂದ. "ನೀನು ತಂದ ಪೆಟ್ಟಿಗೆ ಚಿನ್ನದಂಥದ್ದು. ತಂತಿ ಜೋಡಿಸೋದೊಂದು ನಿನ್ ಕೈಲಾಗಲ್ಲ, ಅಷ್ಟೆ. ಅವರೂ ಕೊನೇವರೆಗೂ ಅದನ್ನೇ ಹೇಳ್ತಿದ್ರು."